ಮಗು ಎಂಟಕ್ಕೆ ಮಲಗಬೇಕಾದರೆ ಮನೆ ಏಳಕ್ಕೇ ತಣ್ಣಗಾಗಬೇಕು

ನಮಸ್ಕಾರ. ಚಿಕ್ಕ ಮಗು ಇರುವ ಮನೆಗಳಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಒಂದೇ. ಎಷ್ಟು ಗಂಟೆಗೆ ಮಲಗಿಸಬೇಕು? ಹಗಲಲ್ಲಿ ಎಷ್ಟು ಸಲ, ರಾತ್ರಿ ಎಷ್ಟು ಹೊತ್ತು, ಒಂದು ಟೈಮ್‌ಟೇಬಲ್ ಇದ್ದರೆ ಕಳಿಸಿ ಅಂತ ಕೇಳುತ್ತಾರೆ. ಟೈಮ್‌ಟೇಬಲ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಗಳೂರಿನ ಮನೆಗಳನ್ನು ನೋಡಿದರೆ ನನಗೆ ಅನ್ನಿಸುವುದು ಇಷ್ಟು: ಅದನ್ನು ಮೊದಲು ಹಾಕಬೇಕಾದದ್ದು ದೊಡ್ಡವರಿಗೆ. ಮಗುವಿಗೆ ಆಮೇಲೆ.

ಯಾಕೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಬಾಣಂತನ ತವರಲ್ಲಿ ಆಗುತ್ತದೆ. ಹಾಸನವೋ ಶಿವಮೊಗ್ಗವೋ ತುಮಕೂರೋ, ಅಲ್ಲಿ ಮಗುವಿನ ದಿನಕ್ಕೆ ತಾನಾಗಿಯೇ ಒಂದು ಕ್ರಮ ಇರುತ್ತದೆ. ಬೆಳಗ್ಗೆ ಎಣ್ಣೆ ಹಚ್ಚುತ್ತಾರೆ, ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆಯುತ್ತಾರೆ, ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದರೆ ಎರಡು ಗಂಟೆ ಮಗು ಮಿಸುಕುವುದಿಲ್ಲ. ಸುತ್ತ ನಾಲ್ಕು ಜನ ಕೈ ಕೊಡುತ್ತಾರೆ. ಮೂರು ತಿಂಗಳೋ ಐದು ತಿಂಗಳೋ ಆದ ಮೇಲೆ ತಾಯಿ ಮಗುವನ್ನು ಎತ್ತಿಕೊಂಡು ಇಲ್ಲಿನ ಫ್ಲ್ಯಾಟ್‌ಗೆ ಬರುತ್ತಾಳೆ. ಆ ನಾಲ್ಕು ಜನ ಅಲ್ಲೇ ಉಳಿದರು. ಜೊತೆಗೆ ನಾಲ್ಕನೇ ತಿಂಗಳ ಆಸುಪಾಸಿಗೆ ಮಗುವಿನ ನಿದ್ದೆಯ ರೀತಿಯೇ ಬದಲಾಗುತ್ತದೆ. ದೊಡ್ಡವರ ಹಾಗೆ ಹಗುರ ನಿದ್ದೆ, ಗಾಢ ನಿದ್ದೆ ಅಂತ ಸುತ್ತು ಬರತೊಡಗುತ್ತದೆ. ಒಂದೊಂದು ಸುತ್ತು ಒಂದು ಗಂಟೆಯ ಒಳಗೇ ಮುಗಿಯುತ್ತದೆ. ಸುತ್ತು ಮುಗಿದಾಗಲೆಲ್ಲ ಎಚ್ಚರ ಆಗಬಹುದು. ಹಾಗಾಗಿ ರಾತ್ರಿ ನಾಲ್ಕು ಗಂಟೆ ಒಂದೇ ಸಮ ಮಲಗುತ್ತಿದ್ದ ಮಗು ಗಂಟೆಗೊಮ್ಮೆ ಏಳುತ್ತದೆ. ಮನೆಯಲ್ಲಿ ದೃಷ್ಟಿಯಾಗಿದೆ ಅನ್ನುತ್ತಾರೆ, ಹಾಲು ಸಾಲುತ್ತಿಲ್ಲ ಅನ್ನುತ್ತಾರೆ. ತಾಯಿ ಫೋನ್‌ನಲ್ಲಿ ಚಾರ್ಟ್ ಹುಡುಕುತ್ತಾಳೆ.

ಆ ಚಾರ್ಟ್‌ಗಳಲ್ಲಿ ಸಂಜೆ ಏಳಕ್ಕೆ ಮಲಗಿಸಿ ಅಂತ ಇರುತ್ತದೆ. ಅದು ಬೇರೆ ಊರಿನ ಗಡಿಯಾರ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹದಿನೇಳು ದೇಶ-ಪ್ರದೇಶಗಳ ಪುಟ್ಟ ಮಕ್ಕಳ ನಿದ್ದೆಯನ್ನು ಹೋಲಿಸಿತ್ತು. ಭಾರತವೂ ಅದರಲ್ಲಿತ್ತು. ನ್ಯೂಜಿಲೆಂಡ್‌ನ ಮಕ್ಕಳು ಸಂಜೆ ಏಳೂವರೆ ಹೊತ್ತಿಗೆ ಮಲಗಿದರೆ, ಹಾಂಗ್‌ಕಾಂಗ್‌ನಲ್ಲಿ ರಾತ್ರಿ ಹತ್ತು ದಾಟುತ್ತಿತ್ತು. ಅಂದರೆ ಮಲಗುವ ಹೊತ್ತು ಅರ್ಧಕ್ಕರ್ಧ ಮನೆಯ ರೂಢಿ. ಬೆಂಗಳೂರಿನಲ್ಲಿ ಏಳಕ್ಕೇ ಮಲಗಿಸಬೇಕು ಅಂತ ಹಟ ಹಿಡಿಯುವುದು ಬೇಡ. ಎಂಟು, ಎಂಟೂವರೆ ಆದರೆ ಚೆನ್ನಾಗಿಯೇ ಆಯಿತು.

ಇನ್ನೊಂದು ವಿಷಯ. ಉತ್ತರದ ದೇಶಗಳಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಅದಕ್ಕೇ ಅವರಿಗೆ ದಪ್ಪ ಕಪ್ಪು ಪರದೆ ಬೇಕು. ನಮ್ಮೂರಿನಲ್ಲಿ ವರ್ಷವಿಡೀ ಸಂಜೆ ಏಳರ ಒಳಗೆ ಸೂರ್ಯ ಮುಳುಗಿಬಿಡುತ್ತಾನೆ. ಕತ್ತಲೆ ಪುಕ್ಕಟೆ ಸಿಗುತ್ತದೆ. ಅದನ್ನು ಓಡಿಸುವುದು ಹಾಲ್‌ನ ಟ್ಯೂಬ್‌ಲೈಟು ಮತ್ತು ಟಿವಿ.

ಎಷ್ಟು ನಿದ್ದೆ ಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿದೆ. ಮೂರು ತಿಂಗಳವರೆಗೆ ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳಿಗೆ 12ರಿಂದ 16, ಒಂದರಿಂದ ಎರಡು ವರ್ಷಕ್ಕೆ 11ರಿಂದ 14. ಹಗಲಿನದು, ರಾತ್ರಿಯದು ಎಲ್ಲ ಸೇರಿ. 12ಕ್ಕೂ 16ಕ್ಕೂ ನಡುವೆ ಎಷ್ಟು ಅಂತರ ಇದೆ ನೋಡಿ. ಪಕ್ಕದ ಮನೆ ಮಗು ಜಾಸ್ತಿ ಮಲಗುತ್ತದೆ ಅಂತ ಕೊರಗಬೇಡಿ. ಹುಟ್ಟಿದ ಮೊದಲ ಎರಡು ಮೂರು ತಿಂಗಳಂತೂ ಟೈಮ್‌ಟೇಬಲ್ ಮಾತೇ ಬೇಡ. ಆಗ ಮಗುವಿನ ಮೈಗೆ ಹಗಲು-ರಾತ್ರಿಯ ಅರಿವು ಇನ್ನೂ ಬಂದಿರುವುದಿಲ್ಲ. ಹಸಿದಾಗ ಹಾಲು, ನಿದ್ದೆ ಬಂದಾಗ ನಿದ್ದೆ. ಹಗಲಲ್ಲಿ ಕಿಟಕಿ ತೆರೆದಿಡಿ. ರಾತ್ರಿ ಹಾಲು ಕುಡಿಸುವಾಗ ಮಂದ ಬೆಳಕು ಸಾಕು, ಮಾತು, ಆಟ ಬೇಡ.

ನಾಲ್ಕು ತಿಂಗಳ ಮೇಲೆ ಕ್ರಮ ಶುರು ಮಾಡಬಹುದು. ಹೇಗೆ? ಗಡಿಯಾರಕ್ಕಿಂತ ಮಗುವಿನ ಮುಖ ನೋಡಿ. ಆಟದ ಮಧ್ಯೆ ಅದು ಸುಮ್ನೆ ಮುಖ ಆಚೆ ತಿರುಗಿಸುತ್ತದೆ. ಗಿಲಕಿ ಆಡಿಸಿದರೂ ನೋಟ ಎಲ್ಲೋ ಇರುತ್ತದೆ. ಹುಬ್ಬಿನ ಮೇಲೆ ಸಣ್ಣಗೆ ಕೆಂಪಾಗುತ್ತದೆ. ಎತ್ತಿಕೊಂಡರೆ ನಿಮ್ಮ ಭುಜಕ್ಕೆ ಮೂಗು ಉಜ್ಜುತ್ತದೆ, ಕಿವಿ ಎಳೆದುಕೊಳ್ಳುತ್ತದೆ. ಆ ಹತ್ತು ನಿಮಿಷದಲ್ಲಿ ಮಲಗಿಸಲು ತೊಡಗಿದರೆ ಮಲಗುತ್ತದೆ. ಅಷ್ಟರಲ್ಲಿ ಯಾರೋ "ಪುಟ್ಟಾ, ಇಲ್ಲಿ ನೋಡು" ಅಂತ ಚಪ್ಪಾಳೆ ತಟ್ಟಿದರೆ ಆ ಹೊತ್ತು ಕೈತಪ್ಪಿತು. ಆಮೇಲೆ ಮಗು ರಚ್ಚೆ ಹಿಡಿಯುತ್ತದೆ. ಸುಸ್ತು ಜಾಸ್ತಿಯಾದರೆ ಚೆನ್ನಾಗಿ ಮಲಗುತ್ತದೆ ಅನ್ನುವುದು ದೊಡ್ಡವರ ಲೆಕ್ಕ. ಮಕ್ಕಳಲ್ಲಿ ಅದು ತಿರುಗುಮುರುಗು.

ಆರು ತಿಂಗಳ ಮಗು ಸಾಮಾನ್ಯವಾಗಿ ಎರಡರಿಂದ ಮೂರು ಗಂಟೆ ಎಚ್ಚರ ಇರಬಲ್ಲದು. ಒಂದು ದಿನ ಹೀಗಿರಬಹುದು. ಬೆಳಗ್ಗೆ ಆರೂವರೆಗೆ ಏಳುತ್ತದೆ. ಹಾಲು, ಬಾಲ್ಕನಿಯ ಬೆಳಕು. ಎಂಟೂಮುಕ್ಕಾಲಿಗೆ ಮೊದಲ ನಿದ್ದೆ. ಹತ್ತಕ್ಕೆ ಎದ್ದರೆ ಸ್ನಾನ, ರಾಗಿ ಸರಿ. ಹನ್ನೆರಡೂವರೆಯಿಂದ ಎರಡರವರೆಗೆ ದೊಡ್ಡ ನಿದ್ದೆ. ನಾಲ್ಕೂವರೆಗೆ ಒಂದು ಚಿಕ್ಕ ನಿದ್ದೆ, ಐದೂಕಾಲಿಗೆ ಮುಗಿಯಬೇಕು. ಎಂಟಕ್ಕೆ ರಾತ್ರಿಯ ನಿದ್ದೆ. ಇದು ಒಂದು ಮಾದರಿ ಅಷ್ಟೇ. ಒಂಬತ್ತು ತಿಂಗಳ ಹೊತ್ತಿಗೆ ಆ ಸಂಜೆಯ ನಿದ್ದೆ ಬಿದ್ದುಹೋಗುತ್ತದೆ. ಒಂದೂವರೆ ವರ್ಷದ ಆಸುಪಾಸಿಗೆ ಮಧ್ಯಾಹ್ನದ್ದು ಒಂದೇ ಉಳಿಯುತ್ತದೆ. ಇದರಲ್ಲಿ ಬಿಗಿಯಾಗಿ ಹಿಡಿಯಬೇಕಾದದ್ದು ಬೆಳಗ್ಗೆ ಏಳುವ ಹೊತ್ತು. ಅದು ಅರ್ಧ ಗಂಟೆ ಆಚೀಚೆಯೊಳಗೆ ನಿಂತರೆ ಮಿಕ್ಕದ್ದು ತಾನಾಗಿ ಹಿಂದೆ ಬರುತ್ತದೆ.

ಈಗ ದೊಡ್ಡವರ ಟೈಮ್‌ಟೇಬಲ್‌ಗೆ ಬರೋಣ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗುವಿಗೆ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಾರೆ. ಕೈಗುಣ ಇರುವವರು. ನಾಲ್ಕು ಮನೆ ಮುಗಿಸಿ ಇಲ್ಲಿಗೆ ಬರುವಾಗ ಒಂಬತ್ತೂವರೆ. ಮಗು ಆಗತಾನೇ ಕಣ್ಣು ಮುಚ್ಚಿರುತ್ತಿತ್ತು. ಅವರು ಕಾಯಲಾರರು, ಮಗುವನ್ನು ಎಬ್ಬಿಸಿ ನೀರು ಹಾಕಿ ಹೋಗುತ್ತಿದ್ದರು. ಮೊದಲ ನಿದ್ದೆ ಹಾಳಾದರೆ ಇಡೀ ದಿನ ಹಾಳು. ಕೊನೆಗೆ ಆ ತಾಯಿ ಧೈರ್ಯ ಮಾಡಿ, "ಅಜ್ಜಿ, ನಮ್ಮ ಮನೆಗೇ ಮೊದಲು ಬಂದುಬಿಡಿ, ಏಳೂವರೆಗೆ. ಕಾಫಿ ತಿಂಡಿ ಇಲ್ಲೇ ಆಗಲಿ" ಅಂದಳು. ಅಜ್ಜಿ, "ಅದಕ್ಕೇನವ್ವ, ಮೊದಲೇ ಹೇಳೋದಲ್ವಾ" ಅಂದರು. ಅಂದಿನಿಂದ ಸ್ನಾನವಾದ ಕೂಡಲೇ ನಿದ್ದೆ, ತವರಲ್ಲಿದ್ದ ಹಾಗೇ. ಬದಲಾದದ್ದು ಅಜ್ಜಿ ಬರುವ ಹೊತ್ತು, ಅಷ್ಟೇ.

ಸಂಜೆಯದು ಇದಕ್ಕಿಂತ ಕಷ್ಟ. ಔಟರ್ ರಿಂಗ್ ರೋಡ್‌ನಲ್ಲೋ ಸಿಲ್ಕ್ ಬೋರ್ಡ್‌ನಲ್ಲೋ ಸಿಕ್ಕಿಕೊಂಡ ಅಪ್ಪ ಮನೆ ಸೇರುವಾಗ ಎಂಟೂವರೆ. ದಿನವೆಲ್ಲ ಮಗುವಿನ ಮುಖ ನೋಡಿಲ್ಲ. ಎತ್ತಿಕೊಳ್ಳಬೇಕು, ಆಡಿಸಬೇಕು ಅನ್ನಿಸುವುದು ಪ್ರೀತಿಯೇ. ಆದರೆ ಮಗು ಹನ್ನೊಂದಕ್ಕೆ ಮಲಗಿದರೆ ಬೆಳಗ್ಗೆ ಒಂಬತ್ತಕ್ಕೆ ಏಳುತ್ತದೆ ಅನ್ನುವ ಭರವಸೆ ಇಲ್ಲ. ಆರೂವರೆಗೆ ಕಸದ ಆಟೋದ ಹಾಡು, ಹಿಂದೆಯೇ ಪಕ್ಕದ ಮನೆಯ ಕುಕ್ಕರ್. ನಿದ್ದೆಯಲ್ಲಿ ಎರಡೂವರೆ ಗಂಟೆ ಕಡಿತ. ನಾನು ಅಪ್ಪಂದಿರಿಗೆ ಹೇಳುವುದು: ಬೆಳಗ್ಗೆಯನ್ನು ನೀವು ತೆಗೆದುಕೊಳ್ಳಿ. ಆರೂವರೆಯಿಂದ ಎಂಟೂವರೆ ಮಗು ನಿಮ್ಮದು. ಎತ್ತಿಕೊಂಡು ಕೆಳಗಡೆ ಒಂದು ಸುತ್ತು ಹಾಕಿ. ಮಗು ಆಗ ಲವಲವಿಕೆಯಲ್ಲಿ ಇರುತ್ತದೆ, ನಗುತ್ತದೆ. ಆ ಎರಡು ಗಂಟೆ ತಾಯಿಯೂ ಮಲಗಬಹುದು.

ಸಂಜೆ ಏಳಕ್ಕೆ ಟಿವಿ ಬಂದ್, ದೊಡ್ಡ ಲೈಟ್ ಬಂದ್. ಅತ್ತೆ ಮಾವನಿಗೆ ಆ ಹೊತ್ತಿನ ಧಾರಾವಾಹಿ ಇಷ್ಟ, ನನಗೆ ಗೊತ್ತು. ರೂಮಿನಲ್ಲಿ ಬಾಗಿಲು ಮುಚ್ಚಿಕೊಂಡು ನೋಡಲಿ, ಇಲ್ಲ ಫೋನ್‌ನಲ್ಲಿ ಮಾರನೇ ದಿನ ನೋಡಲಿ. ಇದನ್ನು ಸೊಸೆ ಹೇಳಿದರೆ ಮನಸ್ತಾಪ. ಮಗ ಹೇಳಬೇಕು. ಹಗಲು ನಿದ್ದೆಗೆ ಮಾತ್ರ ಇಷ್ಟು ಮೌನ ಬೇಡ, ಮನೆಯ ಮಾಮೂಲಿ ಸದ್ದಿಗೆ ಮಗು ಒಗ್ಗಿಕೊಳ್ಳುತ್ತದೆ. ಪಾರ್ಸೆಲ್ ತರುವವರಿಗೆ ಬೆಲ್ ಒತ್ತಬೇಡಿ ಅಂತ ಬಾಗಿಲಿಗೆ ಚೀಟಿ ಅಂಟಿಸಿ. ಮೇಲಿನ ಮನೆಯ ಡ್ರಿಲ್ಲಿಂಗ್‌ಗೆ ಅಸೋಸಿಯೇಷನ್‌ನವರ ಹತ್ತಿರ ಮಾತಾಡಿ, ಮಧ್ಯಾಹ್ನ ಎರಡು ಗಂಟೆ ಬಿಡುವು ಕೇಳಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಯಾರ ದಾಕ್ಷಿಣ್ಯಕ್ಕೂ ಬೀಳುವುದಿಲ್ಲ. ಒಂದು ವರ್ಷದವರೆಗೆ ಮಗುವನ್ನು ಅಂಗಾತವೇ ಮಲಗಿಸಬೇಕು. ಗಟ್ಟಿಯಾದ, ಸಮತಟ್ಟಾದ ಹಾಸಿಗೆ. ದಿಂಬು ಬೇಡ, ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬೂ ಬೇಡ. ಮುಖದ ಹತ್ತಿರ ಸಡಿಲ ಹೊದಿಕೆ ಇರಬಾರದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲೂ ಇದನ್ನೇ ಹೇಳಿದೆ: ತಾಯಿ ಮಲಗುವ ಕೋಣೆಯಲ್ಲೇ, ಆದರೆ ಮಗುವಿಗೆ ಬೇರೆ ಹಾಸಿಗೆ. ಜೋಲಿಯಲ್ಲಿ ತೂಗಿ ಸಮಾಧಾನ ಮಾಡಿ, ನಿದ್ದೆ ಬಂದ ಮೇಲೆ ಎತ್ತಿ ಹಾಸಿಗೆಗೆ ಹಾಕಿ. ನಿದ್ದೆಗೆ ಅಂತ ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಕೆಮ್ಮಿನ ಸಿರಪ್ ಕುಡಿಸುವುದು ಖಂಡಿತ ಬೇಡ. ಆರು ತಿಂಗಳವರೆಗೆ ಎದೆಹಾಲು, ಡಾಕ್ಟರ್ ಬರೆದುಕೊಟ್ಟ ಔಷಧಿ ಬಿಟ್ಟು ಬೇರೇನೂ ಬೇಕಾಗಿಲ್ಲ. ಸಾಂಬ್ರಾಣಿ ಹೊಗೆ ಮಗು ಮಲಗುವ ಕೋಣೆಯಲ್ಲಿ ಬೇಡ. ಮಗು ದಿನಾ ಗೊರಕೆ ಹೊಡೆಯುತ್ತಿದ್ದರೆ, ಉಸಿರು ನಡುವೆ ನಿಂತ ಹಾಗೆ ಕಂಡರೆ, ಹಾಲಿಗೂ ಏಳದಷ್ಟು ಮಂಪರಿದ್ದರೆ ತಡ ಮಾಡದೆ ಡಾಕ್ಟರ್‌ಗೆ ತೋರಿಸಿ.

ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದಿನ ದಿನಗಳಲ್ಲಿ, ಹಬ್ಬಕ್ಕೆ ಊರಿಗೆ ಹೋಗಿ ಬಂದ ವಾರದಲ್ಲಿ ಕ್ರಮ ತಪ್ಪುತ್ತದೆ. ತಪ್ಪಲಿ. ಬೆಳಗ್ಗೆ ಏಳುವ ಹೊತ್ತನ್ನು ಮತ್ತೆ ಹಿಡಿದರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಕೊನೆಯದಾಗಿ ಕೆಲಸಕ್ಕೆ ಮರಳುವ ತಾಯಂದಿರ ಮಾತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ 26 ವಾರ ಸಂಬಳ ಸಹಿತ ರಜೆ ಸಿಕ್ಕಿತು. ಹೆರಿಗೆಗೆ ಮೊದಲೇ ಎಂಟು ವಾರ ತೆಗೆದುಕೊಂಡಿದ್ದರೆ, ರಜೆ ಮುಗಿಯುವಾಗ ಮಗುವಿಗೆ ಇನ್ನೂ 18 ವಾರ. ನಾಲ್ಕು ತಿಂಗಳು ಚಿಲ್ಲರೆ. ಅದೇ ನಿದ್ದೆ ಕೆಡುವ ವಯಸ್ಸು. ಖಾಸಗಿ ಕಂಪನಿಯ ಅಪ್ಪಂದಿರಿಗೆ ರಜೆ ಕೊಡಲೇಬೇಕು ಅನ್ನುವ ಕಾನೂನು ಇಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ನಿಮ್ಮ ಆಫೀಸಿನಲ್ಲಿ ಕೇಳಿ, ಕೇಳಲು ನಾಚಿಕೆ ಬೇಡ. ಅಲ್ಲಿ ಬಿಡುವಾಗ ಮಗು ಬೆಳಗ್ಗೆ ಎಷ್ಟಕ್ಕೆ ಎದ್ದಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ.

ರಾತ್ರಿಯನ್ನು ಹಂಚಿಕೊಳ್ಳಿ. ಒಂಬತ್ತರಿಂದ ಒಂದರವರೆಗೆ ಮಗು ಎದ್ದರೆ ಅಪ್ಪ ಏಳಬೇಕು, ಹಿಂಡಿಟ್ಟ ಹಾಲಿದ್ದರೆ ಕುಡಿಸಬೇಕು, ತೇಗು ಬರಿಸಿ ಮಲಗಿಸಬೇಕು. ಒಂದರ ಮೇಲೆ ತಾಯಿ. ಐದೂವರೆಗೇ ಎದ್ದುಬಿಟ್ಟರೆ, ಮನೆಯಲ್ಲಿ ಅಜ್ಜಿ ತಾತ ಇದ್ದರೆ, ಅವರು ಆ ಹೊತ್ತಿಗೆ ಹೇಗೂ ಎದ್ದಿರುತ್ತಾರೆ. ಇವತ್ತು ಊಟಕ್ಕೆ ಕೂತಾಗಲೇ ಮಾತಾಡಿ ಯಾರ ಪಾಳಿ ಯಾವುದು ಅಂತ ಬರೆದು ಫ್ರಿಡ್ಜ್‌ಗೆ ಅಂಟಿಸಿ.