ಸ್ಪ್ರಾಕೆಟ್ ನಟ್ ಬಿಡ್ತಿಲ್ವಾ? ಚೈನ್ ಬಿಚ್ಚಬೇಡಿ!

[ವಾಸ್ಕೋ. ಮನೆ ಅಂಗಳದಲ್ಲಿ ಹಳೆ ಬೈಕ್, ಸ್ಪ್ರಾಕೆಟ್ ಕವರ್ ತೆಗೆದಿದೆ]

ನಮಸ್ಕಾರ. ಗೋವಾದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಇಲ್ಲಿ ಸ್ಪ್ರಾಕೆಟ್, ಅಂದರೆ ಎಂಜಿನ್ ಪಕ್ಕ ಚೈನ್ ಎಳೆಯುವ ಹಲ್ಲಿನ ಚಕ್ರ, ಅದರ ನಟ್ ತುಕ್ಕು ಹಿಡಿಯದಿದ್ದರೇ ಆಶ್ಚರ್ಯ, ಅಲ್ವಾ?

ಕಳೆದ ಸಲ ನಾನು ಮೊದಲು ಚೈನ್ ಬಿಚ್ಚಿದೆ, ಆಮೇಲೆ ಪಾನಾ ಹಾಕಿದೆ. ನಟ್ ಜೊತೆ ಸ್ಪ್ರಾಕೆಟ್ಟೂ ತಿರುಗಿತು. ಗೇರ್ ಹಾಕಿದರೆ ಎಂಜಿನ್ನೇ ತಿರುಗಿತು. ಪಕ್ಕದ ಮನೆಯ ಬಾಗಲಕೋಟೆ ಕಾಕಾ ಚಹಾ ಕುಡಿಯುತ್ತಾ ನೋಡಿ, "ತಮ್ಮಾ, ಮೊದ್ಲ ಚೈನ್ ಹಾಕೋ" ಅಂದರು.

ಚೈನ್ ಇದ್ದರೆ, ಹಿಂದಿನ ಬ್ರೇಕ್ ಒತ್ತಿದಾಗ ಚಕ್ರ ನಿಲ್ಲುತ್ತದೆ, ಚೈನ್ ಮೂಲಕ ಆ ಬ್ರೇಕೇ ಸ್ಪ್ರಾಕೆಟ್ಟನ್ನೂ ಹಿಡಿದುಕೊಳ್ಳುತ್ತದೆ. ಗೇರ್‌ಬಾಕ್ಸ್ ಮೇಲೆ ಭಾರ ಬೀಳುವುದಿಲ್ಲ.

[ಕ್ಲೋಸಪ್: ನಟ್]

ಈಗ ಹಳೆ ಬ್ರಷ್, ಸ್ವಲ್ಪ ಸೀಮೆಎಣ್ಣೆ. ಕಪ್ಪು ಗ್ರೀಸ್ ಉಜ್ಜಿ. ನೋಡಿ, ನಟ್ ಕೆಳಗೆ ತೆಳ್ಳನೆ ವಾಷರ್. ಅದರ ಒಂದು ಅಂಚು ಮೇಲಕ್ಕೆ ಮಡಚಿ ನಟ್ಟಿನ ಮೈಗೆ ಒತ್ತಿಕೊಂಡಿದೆ. ಇದೇ ಲಾಕ್. ಕೊಳೆಯಲ್ಲಿ ಇದು ಕಾಣುವುದೇ ಇಲ್ಲ, ನಾವು ಸುಮ್ನೆ ತುಕ್ಕನ್ನು ಬೈಯುತ್ತಿರುತ್ತೇವೆ. ಚಪ್ಪಟೆ ಉಳಿ ಇಟ್ಟು ಮೆಲ್ಲಗೆ ತಟ್ಟಿ, ಅಂಚನ್ನು ಪೂರ್ತಿ ಮಲಗಿಸಿ. ಮತ್ತೆ ಜೋಡಿಸುವಾಗ ಹೊಸ ವಾಷರ್ ಹಾಕಿ.

ಯಾವ ಕಡೆ ತಿರುಗಿಸಬೇಕು? ಹೆಚ್ಚಿನ ಬೈಕ್‌ಗಳಲ್ಲಿ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ. ಕೆಲವು ಹಳೆಯವುಗಳಲ್ಲಿ ಉಲ್ಟಾ ಥ್ರೆಡ್ ಇರುತ್ತದೆ. ಮ್ಯಾನುಯಲ್ ನೋಡದೆ ಬಲ ಹಾಕಿದರೆ ಇನ್ನೂ ಟೈಟ್ ಆಗುತ್ತದೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬ್ರೇಕ್ ಡ್ರಮ್ಮಿಗೆ, ಡಿಸ್ಕಿಗೆ ಮಾತ್ರ ತಾಗಬಾರದು.

[ಮರುದಿನ ಬೆಳಗ್ಗೆ. ಕಾಕಾ ಸೀಟ್ ಮೇಲೆ]

ಆರು ಮೂಲೆಯ ಗೋಟಿಯನ್ನೇ, ಅಂದರೆ ನಟ್ ಮೇಲೆ ಕೂರುವ ಸಾಕೆಟ್ ಪಾನಾವನ್ನೇ, ತಗೊಳ್ಳಿ. ಹನ್ನೆರಡು ಮೂಲೆಯದು ಜಾರಿ ನಟ್ಟಿನ ಮೂಲೆ ಸವೆಸುತ್ತದೆ. ಹಿಡಿಗೆ ಪೈಪ್ ಸಿಕ್ಕಿಸಿ. ಒಂದು ಅಡಿ ಹಿಡಿಗಿಂತ 3 ಅಡಿಯಲ್ಲಿ ಅದೇ ಕೈಬಲ 3 ಪಟ್ಟು ಕೆಲಸ ಮಾಡುತ್ತದೆ.

ಡಬಲ್ ಸ್ಟ್ಯಾಂಡ್ ಬೇಡ. ಎಡಗಡೆ ಚೈನ್ ಇರುವ ಬೈಕಿನಲ್ಲಿ ನಟ್ ಎಡಕ್ಕೆ ಎಳೆದರೆ ಚಕ್ರ ಮುಂದಕ್ಕೆ ಹೊರಡಲು ನೋಡುತ್ತದೆ, ಬೈಕ್ ಸ್ಟ್ಯಾಂಡಿನಿಂದ ಇಳಿದುಬಿಡಬಹುದು. ಎರಡೂ ಚಕ್ರ ನೆಲದ ಮೇಲಿರಲಿ, ಮುಂದಿನ ಚಕ್ರ ಗೋಡೆಗೆ ತಾಗಲಿ.

ಆಗಲೂ ಬಿಡದಿದ್ದರೆ ಟೈರ್ ಅಂಗಡಿಯ ಇಂಪ್ಯಾಕ್ಟ್ ಗನ್, ಅಂದರೆ ಬಡಿಬಡಿದು ನಟ್ ತಿರುಗಿಸುವ ಯಂತ್ರ. ಗ್ಯಾಸ್ ಬೆಂಕಿ ಹಿಡಿಯಬೇಡಿ. ಹಿಂದೆ ರಬ್ಬರ್ ಆಯಿಲ್ ಸೀಲ್ ಇದೆ, ಮೇಲೆ ಪೆಟ್ರೋಲ್ ಟ್ಯಾಂಕ್. ತೀರಾ ಕೊನೆಗೆ, ಉಳಿಯಿಂದ ನಟ್ಟನ್ನೇ ಸೀಳುವುದು. ನಟ್ ಹೋದರೆ ಹೋಗಲಿ, ಶಾಫ್ಟಿನ ಥ್ರೆಡ್ ಉಳಿಯಬೇಕು.

ಕಾಕಾ, ಬ್ರೇಕ್ ಗಟ್ಟಿ ಒತ್ತಿ.

[ಸದ್ದು: ಟಕ್!]

ಕೇಳಿಸಿತಾ? ಬಿಡಿ ಕಾಕಾ, ಈಗ ಚೈನ್ ಬಿಚ್ಚೋಣ.