ಅಡ್ಡಡ್ಡ ಓಡುವ ಕಾರಿಗೂ ಒಂದು ಲೈನ್ ಇದೆ

ಎಲ್ಲರಿಗೂ ನಮಸ್ಕಾರ. ಕರೆದು ಮೈಕ್ ಕೊಟ್ಟ ಮೇಷ್ಟ್ರಿಗೂ, ಶನಿವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿರುವ ನಿಮಗೂ ಥ್ಯಾಂಕ್ಸ್. ನಾನು ರೇಸ್ ಡ್ರೈವರ್ ಅಲ್ಲ. ಹೊಟ್ಟೆಪಾಡಿಗೆ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ, ಬಿಡುವಿನಲ್ಲಿ ಒಂದು ಹಳೇ ನಿಸ್ಸಾನ್ ಕಾರನ್ನು ಅಡ್ಡಡ್ಡ ಓಡಿಸುತ್ತೇನೆ. ಹಿಂದಿನ ಚಕ್ರಗಳನ್ನು ಬೇಕಂತಲೇ ಜಾರಿಸಿಕೊಂಡು ತಿರುವು ದಾಟುವ ಈ ಆಟಕ್ಕೆ ಡ್ರಿಫ್ಟಿಂಗ್ ಅನ್ನುತ್ತಾರೆ. ಹವ್ಯಾಸಿಗಳ ಡ್ರಿಫ್ಟಿಂಗ್ ಸ್ಪರ್ಧೆಯ ದಿನ ಹೇಗಿರುತ್ತದೆ ಅಂತ ಹೇಳಿ ಅಂದರು ನಿಮ್ಮ ಆಟೋ ಕ್ಲಬ್ಬಿನವರು. ಅಷ್ಟನ್ನೇ ಹೇಳುತ್ತೇನೆ. ಮಧ್ಯೆ ಸ್ವಲ್ಪ ಮೆಕ್ಯಾನಿಕಲ್ ಪಾಠ ನುಸುಳಿದರೆ ಸಹಿಸಿಕೊಳ್ಳಿ.

ಮೊದಲು ಒಂದು ವಿಷಯ ತಲೆಯಿಂದ ತೆಗೆದುಬಿಡಿ. ಡ್ರಿಫ್ಟಿಂಗ್‌ನಲ್ಲಿ ಮೊದಲು ಬಂದವರು ಗೆದ್ದರು ಅನ್ನುವ ಲೆಕ್ಕ ಇಲ್ಲ. ಯಾರೂ ಸ್ಟಾಪ್‌ವಾಚ್ ಹಿಡಿದು ಕೂತಿರುವುದಿಲ್ಲ. ಹೊಗೆ ಜಾಸ್ತಿ ಎಬ್ಬಿಸಿದ ಅಂತ ಕಪ್ ಕೊಡುವುದೂ ಇಲ್ಲ. ಟ್ರ್ಯಾಕ್ ಪೂರ್ತಿ ಕಾಣುವ ಎತ್ತರದ ಜಾಗದಲ್ಲಿ ಜಡ್ಜ್‌ಗಳು ಇರುತ್ತಾರೆ. ಕಾರು ಎಲ್ಲಿಂದ ಜಾರಲು ಶುರು ಮಾಡಬೇಕು, ಎಲ್ಲಿ ಒಳಗಿನ ಕೋನ್‌ಗೆ ಮೂತಿ ತಾಗಿಸುವಷ್ಟು ಹತ್ತಿರ ಹೋಗಬೇಕು, ಎಲ್ಲಿ ಹಿಂದಿನ ಬಂಪರನ್ನು ಟ್ರ್ಯಾಕಿನ ಹೊರ ಅಂಚಿಗೆ ಒಯ್ಯಬೇಕು ಅಂತ ಅವರು ಬೆಳಗ್ಗೆಯೇ ಹೇಳಿರುತ್ತಾರೆ. ಅವರು ಹೇಳಿದ್ದನ್ನು ಎಷ್ಟು ಚೆನ್ನಾಗಿ ಮಾಡಿದಿರಿ ಅನ್ನುವುದಕ್ಕೆ ಅಂಕ. ಲೈನ್ ಅಂದರೆ ಅವರು ಹೇಳಿದ ದಾರಿ, ಆ್ಯಂಗಲ್ ಅಂದರೆ ಕಾರು ಎಷ್ಟು ಅಡ್ಡ ತಿರುಗಿದೆ ಅನ್ನುವುದು, ಮತ್ತೆ ಸ್ಟೈಲ್, ಇವು ಮೂರನ್ನು ನೋಡುತ್ತಾರೆ. ನಿಮಗೆ ಇಷ್ಟ ಬಂದ ಕಡೆ ಎಷ್ಟೇ ಚೆಂದವಾಗಿ ಜಾರಿಸಿ, ಹೇಳಿದ ಜಾಗದಲ್ಲಿ ಕಾರು ಇರಲಿಲ್ಲ ಅಂದರೆ ಅಂಕ ಹೋಯಿತು.

ಇತಿಹಾಸ ಬೇಗ ಮುಗಿಸುತ್ತೇನೆ. ಇದು ಹುಟ್ಟಿದ್ದು ಜಪಾನಿನಲ್ಲಿ. ಕುನಿಮಿತ್ಸು ತಕಹಾಶಿ ಅಂತ ಒಬ್ಬರಿದ್ದರು. 1961ರಲ್ಲಿ ಮೋಟಾರ್‌ಸೈಕಲ್ ಗ್ರ್ಯಾನ್ ಪ್ರಿ ಗೆದ್ದ ಮೊದಲ ಜಪಾನಿ ಅವರೇ. ಆಮೇಲೆ ಕಾರ್ ರೇಸಿಗೆ ಬಂದು 1970ರ ದಶಕದಲ್ಲಿ ತಿರುವುಗಳಲ್ಲಿ ಕಾರನ್ನು ಬೇಕಂತಲೇ ಜಾರಿಸಿಕೊಂಡು ಹೋಗುತ್ತಿದ್ದರು. ಅದನ್ನು ನೋಡಿ ಹುಚ್ಚು ಹಿಡಿಸಿಕೊಂಡವರು ಕೆಯಿಚಿ ತ್ಸುಚಿಯಾ. ಅವರು ಘಾಟಿ ರಸ್ತೆಗಳಲ್ಲಿ ಟೊಯೊಟಾ ಕೊರೊಲಾದ ಎಇ86 ಅನ್ನುವ ಮಾಡೆಲ್ ಇಟ್ಟುಕೊಂಡು ಕಲಿತವರು. 1987ರಲ್ಲಿ ಅವರ ಡ್ರಿಫ್ಟಿಂಗ್ ವಿಡಿಯೋ ಕ್ಯಾಸೆಟ್ಟಿನಲ್ಲಿ ಬಂತು, ಊರೂರಿನ ಹುಡುಗರು ಶುರು ಹಚ್ಚಿಕೊಂಡರು. ಆ ಹೊತ್ತಿಗೆ ಕೊರೊಲಾದ ಹೆಚ್ಚಿನ ಮಾಡೆಲ್‌ಗಳಲ್ಲಿ ಎಂಜಿನ್ ಮುಂದಿನ ಚಕ್ರವನ್ನೇ ತಿರುಗಿಸುತ್ತಿತ್ತು, ಎಇ86ನಂಥ ಕೆಲವದರಲ್ಲಿ ಮಾತ್ರ ಇನ್ನೂ ಹಿಂದಿನ ಚಕ್ರ. ಇವತ್ತು ಅದರ ಬೆಲೆ ಕೇಳಿದರೆ ತಲೆ ತಿರುಗುವುದಕ್ಕೆ ಅದೇ ಕಾರಣ. 2001ರಲ್ಲಿ ಜಪಾನಿನಲ್ಲಿ ಡಿ1 ಗ್ರ್ಯಾನ್ ಪ್ರಿ ಸರಣಿ ಶುರುವಾಯಿತು. ಅಮೆರಿಕದ ವೃತ್ತಿಪರ ಸರಣಿ ಫಾರ್ಮುಲಾ ಡ್ರಿಫ್ಟ್‌ನ ಮೊದಲ ಸೀಸನ್ 2004ರಲ್ಲಿ. ಅಲ್ಲಿ ಈಗ ಓಡುವ ಎಷ್ಟೋ ಕಾರುಗಳಿಗೆ 1000 ಹಾರ್ಸ್‌ಪವರ್ ಮೀರಿದ ಎಂಜಿನ್. ನನ್ನಂಥವರು ಅದನ್ನು ಬೇಲಿಯಾಚೆ ನಿಂತು ನೋಡುತ್ತೇವೆ.

ನನ್ನ ಕಾರು ನಿಸ್ಸಾನ್ 350ಝಡ್, 2003ರ ಮಾಡೆಲ್. ಮೂರೂವರೆ ಲೀಟರ್ ವಿ6, ಫ್ಯಾಕ್ಟರಿಯಿಂದ ಬಂದಾಗ 287 ಹಾರ್ಸ್‌ಪವರ್. ಈಗ ಎಷ್ಟು ಉಳಿದಿದೆ ಅಂತ ಕೇಳಬೇಡಿ. ಎಂಜಿನ್ನಿಗೆ ನಾನು ಏನೂ ಮಾಡಿಲ್ಲ. ಹೊಸಬರು ಎಲ್ಲರೂ ಮೊದಲು ಪವರ್ ಕೇಳುತ್ತಾರೆ, ಆದರೆ ದುಡ್ಡು ಹೋಗಬೇಕಾದ್ದು ಬೇರೆ ಕಡೆ.

ಈಗ ಹೇಳುವುದು ನಿಮ್ಮ ವೈವಾದಲ್ಲಿ ಬಂದರೂ ಬರಬಹುದು. ಮಾಮೂಲಿ ಕಾರಿನ ಡಿಫರೆನ್ಷಿಯಲ್ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕಲ್ವಾ, ಅದಕ್ಕೆ. ಆದರೆ ಡ್ರಿಫ್ಟ್ ಮಾಡಲು ಹೋದರೆ ಭಾರ ಕಡಿಮೆಯಾದ ಒಳಗಿನ ಚಕ್ರ ಒಂದೇ ಗಿರ್ರನೆ ತಿರುಗಿ ಕಾರು ನಿಂತಲ್ಲೇ ಒದ್ದಾಡುತ್ತದೆ. ಎರಡೂ ಚಕ್ರ ಒಟ್ಟಿಗೆ ತಿರುಗಬೇಕು. ದುಡ್ಡಿದ್ದವರು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸುತ್ತಾರೆ. ಇಲ್ಲದವರು ಒಳಗಿನ ಗೇರ್‌ಗಳನ್ನು ವೆಲ್ಡ್ ಮಾಡಿ ಕೂರಿಸಿಬಿಡುತ್ತಾರೆ. ನನ್ನದು ವೆಲ್ಡ್ ಮಾಡಿದ್ದು. ಪಾರ್ಕಿಂಗ್ ಜಾಗದಲ್ಲಿ ನಿಧಾನಕ್ಕೆ ತಿರುಗಿಸಿದರೆ ಹಿಂದಿನ ಟೈರ್ ಕುಯ್ಯೋ ಅಂತ ಕೂಗಿಕೊಂಡು ಕುಪ್ಪಳಿಸುತ್ತದೆ, ಅಕ್ಕಪಕ್ಕದವರು ಏನೋ ಮುರಿದು ಹೋಗಿದೆ ಅಂತ ಬಂದು ನೋಡುತ್ತಾರೆ.

ಎರಡನೆಯದು ಸ್ಟೀರಿಂಗ್. ಕಾರಿನ ಹಿಂಭಾಗ ಹೊರಗೆ ಹೋದಾಗ ಮುಂದಿನ ಚಕ್ರಗಳು ಕಾರು ಹೋಗುತ್ತಿರುವ ದಿಕ್ಕಿಗೆ ಮುಖ ಮಾಡಿರಬೇಕು. ಹಿಂಭಾಗ ಜಾಸ್ತಿ ಹೋದಷ್ಟೂ ಚಕ್ರ ಜಾಸ್ತಿ ತಿರುಗಬೇಕು. ಫ್ಯಾಕ್ಟರಿ ಕೊಟ್ಟಷ್ಟು ತಿರುಗಿದರೆ ಸಾಲುವುದಿಲ್ಲ, ಅದು ಮುಗಿದ ಜಾಗದಲ್ಲೇ ಕಾರು ಸ್ಪಿನ್ ಆಗುತ್ತದೆ. ಆದ್ದರಿಂದ ಮುಂದಿನ ಚಕ್ರವನ್ನು ಹಿಡಿದಿರುವ ಸ್ಟೀರಿಂಗ್ ನಕಲ್, ಕಂಟ್ರೋಲ್ ಆರ್ಮ್, ಅದನ್ನು ಎಳೆದು ತಿರುಗಿಸುವ ಸಲಾಕೆ ಟೈ ರಾಡ್, ಇವನ್ನು ಬದಲಾಯಿಸುವ ಕಿಟ್ ಬರುತ್ತದೆ. ಇದರ ಜೊತೆಗೆ ಹೊಸಬರಿಗೆ ನಂಬಲು ಕಷ್ಟವಾಗುವ ಸಂಗತಿ ಒಂದಿದೆ. ಡ್ರಿಫ್ಟ್ ಶುರುವಾದಾಗ ಸ್ಟೀರಿಂಗ್ ಅನ್ನು ನಾವು ತಿರುಗಿಸುವುದಿಲ್ಲ, ಕೈ ಬಿಡುತ್ತೇವೆ. ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುತ್ತದೆ, ನಿಮ್ಮ ಪುಸ್ತಕದಲ್ಲಿ ಕ್ಯಾಸ್ಟರ್ ಆ್ಯಂಗಲ್ ಅಂತ ಇರುತ್ತದಲ್ಲ, ಅದು. ಅದರಿಂದಾಗಿ ಚಕ್ರಗಳು ತಾವಾಗಿಯೇ ಹೋಗುವ ದಿಕ್ಕಿಗೆ ಮುಖ ಮಾಡುತ್ತವೆ, ಸ್ಟೀರಿಂಗ್ ಗಿರಗಟ್ಲೆ ಥರ ಕೈಯೊಳಗೆ ಸುತ್ತಿಕೊಂಡು ಹೋಗುತ್ತದೆ. ಬೇಕಾದ ಕಡೆ ಹಿಡಿದರೆ ಸಾಕು. ಮೈಯೆಲ್ಲ ಬಿಗಿ ಹಿಡಿದು ಕೂರುವವರಿಗೆ ಇದು ಬರುವುದೇ ಇಲ್ಲ.

ಇನ್ನು ಸ್ಪರ್ಧೆಯ ದಿನ. ಜಾಗ ಥಂಡರ್‌ಹಿಲ್ ರೇಸ್‌ವೇ, ವಿಲೋಸ್ ಅನ್ನುವ ಸಣ್ಣ ಊರಿನ ಹತ್ತಿರ. ಸ್ಯಾಕ್ರಮೆಂಟೊ ಕಣಿವೆಯ ಆ ಭಾಗದಲ್ಲಿ ಎಲ್ಲಿ ನೋಡಿದರೂ ಭತ್ತದ ಗದ್ದೆ, ಹೆದ್ದಾರಿಯಲ್ಲಿ ಹೋಗುತ್ತಿದ್ದರೆ ಮಂಡ್ಯದ ಕಡೆ ಬಂದೆವೇನೋ ಅನ್ನಿಸುತ್ತದೆ. ಬಿಸಿಲು ಮಾತ್ರ ರಾಯಚೂರಿನದು. ಬೇಸಿಗೆಯಲ್ಲಿ 40 ಡಿಗ್ರಿ ಅಲ್ಲಿ ಮಾಮೂಲು. ಬೆಳಗ್ಗೆ ಟ್ರೇಲರ್‌ನಿಂದ ಕಾರು ಇಳಿಸಿ ಮೊದಲು ಟೆಕ್ ತಪಾಸಣೆಗೆ ಒಯ್ಯಬೇಕು. ರೋಲ್ ಕೇಜ್, ಬಕೆಟ್ ಸೀಟ್, ಬೆಲ್ಟು, ಹೆಲ್ಮೆಟ್, ಬ್ಯಾಟರಿ ಅಲ್ಲಾಡದಂತೆ ಕಟ್ಟಿದೆಯಾ, ಎಲ್ಲೂ ಆಯಿಲ್ ಸೋರುತ್ತಿಲ್ಲ ತಾನೇ, ಎಲ್ಲ ನೋಡುತ್ತಾರೆ. ಅಲ್ಲಿ ಗುರುತು ಪರಿಚಯ ಏನೂ ನಡೆಯುವುದಿಲ್ಲ. ಒಂದು ನಟ್ಟು ಸಡಿಲ ಇದ್ದರೂ ವಾಪಸ್ ಕಳಿಸುತ್ತಾರೆ.

ಆಮೇಲೆ ಡ್ರೈವರ್ಸ್ ಮೀಟಿಂಗ್. ಇಡೀ ದಿನದಲ್ಲಿ ಮುಖ್ಯವಾದ ಹೊತ್ತು ಇದೇ ಅಂತ ನಾನು ಹೇಳುತ್ತೇನೆ, ಟೈರ್ ಸುಡುವ ಹೊತ್ತಲ್ಲ. ಜಡ್ಜ್ ಒಬ್ಬರು ನಮ್ಮೆಲ್ಲರನ್ನೂ ಕರೆದುಕೊಂಡು ಟ್ರ್ಯಾಕಿನ ಮೇಲೆ ನಡೆದರು. ಅವರು ಹೇಳಿದ್ದು ಇಷ್ಟು: ಇಲ್ಲಿಂದ ಒಂದೇ ಸಲ ಕಾರನ್ನು ಅಡ್ಡಕ್ಕೆ ಎಸೆಯಬೇಕು, ಎರಡೆರಡು ಸಲ ಹ್ಯಾಂಡ್‌ಬ್ರೇಕ್ ಎಳೆದು ಸರಿಮಾಡಿಕೊಳ್ಳುವುದು ನನಗೆ ಕಾಣಬಾರದು. ಈ ಬಳಿದ ಪಟ್ಟಿಯೊಳಗೆ ಹಿಂದಿನ ಚಕ್ರ ಬರಲೇಬೇಕು, ಎಡಗಡೆಯಿಂದ ಬಲಗಡೆಗೆ ಕಾರು ತಿರುಗುವಾಗ ನೇರ ಆಗಿ ನಿಲ್ಲಬಾರದು, ಇಲ್ಲಿ ಆಕ್ಸಿಲರೇಟರ್ ಬಿಡುವ ಹಾಗಿಲ್ಲ. ಹೀಗೆ. ಕೆಲವರು ಮೊಬೈಲ್ ನೋಡುತ್ತಿದ್ದರು. ಪಳಗಿದವರು ಮಾತ್ರ ಕೂತು ಡಾಂಬರನ್ನು ಕೈಯಲ್ಲಿ ಮುಟ್ಟಿ, ಎಲ್ಲಿ ಹಳೇ ರಬ್ಬರ್ ಅಂಟಿದೆ, ಎಲ್ಲಿ ಮಣ್ಣು ಬಂದಿದೆ ಅಂತ ನೋಡಿಕೊಳ್ಳುತ್ತಿದ್ದರು.

ಪ್ರಾಕ್ಟೀಸ್‌ನಲ್ಲಿ ಮುಂದಿನ ಎಡಗಡೆ ಟೈ ರಾಡ್ ಬಾಗಿತು. ಅಂಚಿನಿಂದ ಚಕ್ರ ಕೆಳಗಿಳಿದರೆ ಅದು ಆಗುವುದೇ. ನಾನು ತಂದಿದ್ದ ಸ್ಪೇರ್ ಬಲಗಡೆಯದು. ಪಕ್ಕದ ಟೆಂಟಿನಲ್ಲಿ ಬಿಎಂಡಬ್ಲ್ಯೂ ಇ36 ತಂದಿದ್ದ ಒಬ್ಬ ಟೈರ್ ಅಂಗಡಿ ಹುಡುಗ ಇದ್ದ. ನಾನು ಕಾರಿನ ಕೆಳಗೆ ಮಲಗಿರುವುದನ್ನು ನೋಡಿ, ತಾನಾಗಿಯೇ ಎದ್ದು ಹೋಗಿ, ಮೂರ್ನಾಲ್ಕು ಟೆಂಟ್ ದಾಟಿ ಇನ್ನೊಬ್ಬ 350ಝಡ್ ಡ್ರೈವರ್ ಹತ್ತಿರ ಬೇಡಿ ರಾಡ್ ತಂದುಕೊಟ್ಟ. ಬರೀ ತಂದುಕೊಟ್ಟಿದ್ದಲ್ಲ, ದಾರದ ಅಳತೆ ಹಿಡಿದು ಅಲೈನ್‌ಮೆಂಟ್ ಕೂಡ ನೋಡಿದ. ಮಧ್ಯಾಹ್ನ ಯಾರಿಗೆ ಯಾರು ಜೋಡಿ ಅನ್ನುವ ಪಟ್ಟಿ ಬಂದಾಗ ನನ್ನ ಎದುರಾಳಿ ಅವನೇ! ಈ ಲೋಕದಲ್ಲಿ ಇದು ಅಪರೂಪದ ಕತೆಯೇನಲ್ಲ. ಎದುರಾಳಿಯ ಕಾರು ಕೆಟ್ಟು ತಾನು ಸುಮ್ನೆ ಗೆದ್ದರೆ ಯಾರಿಗೂ ಖುಷಿ ಇಲ್ಲ, ಇನ್ನೊಂದು ರನ್ ಓಡಿಸುವ ಅವಕಾಶ ಹೋಯಿತಲ್ಲ ಅನ್ನುವುದೇ ಬೇಜಾರು.

ಕ್ವಾಲಿಫೈಯಿಂಗ್‌ನಲ್ಲಿ ಒಬ್ಬೊಬ್ಬರೇ ಹೋಗಬೇಕು. ನನಗೆ ಮಧ್ಯದ ಸ್ಥಾನ ಸಿಕ್ಕಿತು. ಅಷ್ಟು ಹೇಳಿದರೆ ಸಾಕು.

ಟ್ಯಾಂಡಮ್ ವಿಷಯಕ್ಕೆ ಬರೋಣ, ನಾನು ಇಲ್ಲಿಗೆ ಬಂದಿದ್ದೇ ಇದನ್ನು ಹೇಳಲು. ಎರಡು ಕಾರು ಒಟ್ಟಿಗೆ. ಒಬ್ಬ ಮುಂದೆ, ಒಬ್ಬ ಹಿಂದೆ. ಆಮೇಲೆ ಜಾಗ ಬದಲು. ಕ್ವಾಲಿಫೈಯಿಂಗ್‌ನಲ್ಲಿ ಮೇಲೆ ಬಂದವರು ಮೊದಲು ಮುಂದೆ ಹೋಗುತ್ತಾರೆ. ನೋಡುವವರ ಕಣ್ಣೆಲ್ಲ ಹಿಂದಿನ ಕಾರಿನ ಮೇಲೆ. ಸರಿಯೇ, ಅವನ ಕೆಲಸ ಭಯಂಕರ. ಮುಂದಿನವನ ಬಾಗಿಲಿಗೆ ತನ್ನ ಬಂಪರ್ ಹತ್ತಿರ ಇಟ್ಟುಕೊಂಡು, ಅವನಷ್ಟೇ ಆ್ಯಂಗಲ್‌ನಲ್ಲಿ, ಅವನ ಹೊಗೆಯೊಳಗೇ ಹೋಗಬೇಕು. ಕಿಟಕಿಯಿಂದ ಕಾಣುವುದು ಬಿಳಿ ಹೊಗೆ, ಅದರ ಮಧ್ಯೆ ಎಲ್ಲೋ ಒಂದು ಮುಂದಿನ ಚಕ್ರ. ತೀರಾ ಹತ್ತಿರ ಬಂದರೆ ಎಡಗಾಲಿನಲ್ಲಿ ಬ್ರೇಕ್ ಮುಟ್ಟಿ, ಬಲಗಾಲು ಆಕ್ಸಿಲರೇಟರ್ ಮೇಲೇ ಇಟ್ಟು ವೇಗ ಇಳಿಸಬೇಕು. ಆಕ್ಸಿಲರೇಟರ್ ಬಿಟ್ಟರೆ ಟೈರಿಗೆ ಹಿಡಿತ ಬಂದು ಕಾರು ನೇರ ಆಗಿಬಿಡುತ್ತದೆ. ಐರ್ಲೆಂಡಿನ ಜೇಮ್ಸ್ ಡೀನ್ 2017, 2018, 2019 ಹೀಗೆ ಸಾಲಾಗಿ ಮೂರು ವರ್ಷ ಫಾರ್ಮುಲಾ ಡ್ರಿಫ್ಟ್ ಚಾಂಪಿಯನ್ ಆದರು. ಅವರು ಹಿಂದೆ ಓಡಿಸುವ ವಿಡಿಯೋ ನೋಡಿ, ಎರಡು ಕಾರನ್ನು ಹಗ್ಗ ಹಾಕಿ ಕಟ್ಟಿದ್ದಾರೇನೋ ಅನ್ನಿಸುತ್ತದೆ.

ಆದರೆ ನನ್ನ ಪ್ರಕಾರ ಕಷ್ಟದ ಕೆಲಸ ಮುಂದಿನವನದು. ಅದು ಒಳಗೆ ಕೂತಾಗಷ್ಟೇ ತಿಳಿಯುತ್ತದೆ. ಹಿಂದಿನವನು ನಿಮ್ಮನ್ನು ನಂಬಿ ಬಾಗಿಲ ಹತ್ತಿರ ಬಂದಿದ್ದಾನೆ. ಜಡ್ಜ್ ಹೇಳಿದ ಲೈನ್ ಇಬ್ಬರಿಗೂ ಗೊತ್ತು, ಆ ಲೈನೇ ಇಬ್ಬರ ನಡುವಿನ ಒಪ್ಪಂದ. ನೀವು ಮಧ್ಯದಲ್ಲಿ ಹೆದರಿ ಬ್ರೇಕ್ ಒತ್ತಿದರೆ ಅವನು ಬಂದು ಗುದ್ದುತ್ತಾನೆ, ತಪ್ಪು ನಿಮ್ಮದಾಗುತ್ತದೆ. ಅವನನ್ನು ಹಿಂದೆ ಬಿಡಬೇಕು ಅಂತ ಲೈನ್ ಬಿಟ್ಟು ಒಳಗಿನಿಂದ ಅಡ್ಡದಾರಿ ಹಿಡಿದರೂ ಅಂಕ ನಿಮ್ಮದೇ ಹೋಗುತ್ತದೆ. ಹೇಳಿದ ಜಾಗದಲ್ಲಿ, ಹೇಳಿದ ವೇಗದಲ್ಲಿ, ಹೇಳಿದ ಆ್ಯಂಗಲ್‌ನಲ್ಲಿ ಹೋಗುತ್ತಿರಬೇಕು. ಅಷ್ಟು ಮಾಡಿಯೂ ಅವನಿಗೆ ಹಿಡಿಯಲು ಆಗದಷ್ಟು ಚೆನ್ನಾಗಿ ಓಡಿಸಿದರೆ ಮಾತ್ರ ಗೆಲುವು. ಹೊರಗಿನಿಂದ ನೋಡಿದರೆ ಹುಚ್ಚಾಟ. ಒಳಗೆ ಕೂತವನಿಗೆ ರಿಂಗ್ ರೋಡಿನ ಟ್ರಾಫಿಕ್ ಇದಕ್ಕಿಂತ ಭಯ, ಅಲ್ಲಿ ಯಾರು ಎಲ್ಲಿ ನುಗ್ಗುತ್ತಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಬ್ಯಾಟಲ್ ಹೀಗಾಯಿತು. ಹುಡುಗ ಕ್ವಾಲಿಫೈಯಿಂಗ್‌ನಲ್ಲಿ ನನಗಿಂತ ಮೇಲಿದ್ದ, ಆದ್ದರಿಂದ ಮೊದಲು ಅವನು ಮುಂದೆ. ಮೂರನೇ ಗೇರ್, ಸುಮಾರು 100 ಕಿಲೋಮೀಟರ್ ವೇಗ, ಅವನು ಕಾರು ಎಸೆದ. ನಾನು ಕ್ಲಚ್ ಒದ್ದು ಹಿಂದೆಯೇ ಎಸೆದೆ. ಎಡ ತಿರುವಿನಲ್ಲಿ ಚೆನ್ನಾಗಿಯೇ ಅಂಟಿಕೊಂಡಿದ್ದೆ. ಬಲಕ್ಕೆ ತಿರುಗುವಾಗ ಅವನ ಚಿಕ್ಕ ಕಾರು ಪಟ್ಟನೆ ತಿರುಗಿತು, ನನ್ನದು ಭಾರ ಜಾಸ್ತಿ, ನಡುವೆ ಎರಡು ಕಾರಿನಷ್ಟು ಜಾಗ ಬಿದ್ದುಹೋಯಿತು. ಎರಡನೇ ರನ್‌ನಲ್ಲಿ ನಾನು ಮುಂದೆ. ಹೊರಗಿನ ಪಟ್ಟಿಯನ್ನು ಪೂರ್ತಿ ತುಂಬಿದೆ, ಅವನು ಅಲ್ಲಿ ಸ್ವಲ್ಪ ಒಳಗೇ ಉಳಿದ. ಜಡ್ಜ್‌ಗಳು ಮಾತಾಡಿಕೊಂಡು ಇನ್ನೊಂದು ಸಲ ಓಡಿಸಿ ಅಂದರು. ಸಮ ಅನ್ನಿಸಿದಾಗ ಹಾಗೆ ಓಡಿಸುತ್ತಾರೆ.

ಗಡಿಬಿಡಿಯಲ್ಲಿ ಹಿಂದಿನ ಟೈರ್ ಬದಲಾಯಿಸಿದೆವು. ಹಿಂದಕ್ಕೆ ಯಾವಾಗಲೂ ಅಗ್ಗದ ಹಳೇ ಟೈರ್, ಕೆಲವೇ ರನ್‌ಗೆ ನೂಲು ಕಾಣುತ್ತದೆ. ಮುಂದಕ್ಕೆ ಮಾತ್ರ ಒಳ್ಳೆಯ ಟೈರ್. ಈ ಹವ್ಯಾಸದ ಖರ್ಚೆಲ್ಲ ಇರುವುದು ಇಲ್ಲೇ, ಮನೆಯಲ್ಲಿ ಲೆಕ್ಕ ಹೇಳುವಾಗ ಎಂಜಿನ್ ಆಯಿಲ್ ಬಗ್ಗೆ ಮಾತ್ರ ಹೇಳುತ್ತೇನೆ. ಮತ್ತೆ ಓಡಿಸುವಾಗ ಹುಡುಗ ಗಾಳಿ ಸ್ವಲ್ಪ ಇಳಿಸಿಕೊಂಡು ಬಂದಿದ್ದ. ಗಾಳಿ ಕಡಿಮೆ ಆದರೆ ಹಿಂದಿನ ಟೈರ್ ನೆಲ ಹಿಡಿಯುತ್ತದೆ, ಕಾರು ಜಾರುತ್ತಲೇ ಮುಂದಕ್ಕೂ ನುಗ್ಗುತ್ತದೆ. ಈ ಸಲ ಹೊರ ಅಂಚಿನಲ್ಲಿ ಅವನ ಬಂಪರ್ ನನ್ನ ಬಾಗಿಲಿಗೆ ಒಂದು ಮಾರು ದೂರದಲ್ಲಿತ್ತು. ಕನ್ನಡಿಯಲ್ಲಿ ಅವನ ಹೆಲ್ಮೆಟ್ ಕಾಣುತ್ತಿತ್ತು. ಅವನೇ ಗೆದ್ದ. ನಾನು ಜಡ್ಜ್ ಆಗಿದ್ದರೂ ಅವನಿಗೇ ಕೊಡುತ್ತಿದ್ದೆ.

ಈಗ ನೀವು ಕೇಳುವುದು ಗೊತ್ತು, ಇಲ್ಲಿ ಮಾಡಬಹುದಾ ಸರ್ ಅಂತ. ನಮ್ಮ ರಸ್ತೆಯ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು. ಸ್ವಿಫ್ಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಹಿಂಭಾಗ ಜಾರಿಸಬಹುದು, ಆದರೆ ಆಕ್ಸಿಲರೇಟರ್‌ನಿಂದ ಆ ಜಾರುವಿಕೆಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಹಿಂದಿನ ಚಕ್ರದ ಕಾರು ಬೇಕಂದರೆ ಅಂಬಾಸಿಡರ್, ಕಾಂಟೆಸ್ಸಾ, ಓಮ್ನಿ ಹುಡುಕಬೇಕು. ಓಮ್ನಿ ಬೇಡ, ಬಿದ್ದುಹೋಗುತ್ತದೆ. ನಮಗೆ ಇರುವ ಒಳ್ಳೆಯ ದಾರಿ ರ‍್ಯಾಲಿ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುರಸ್ತೆಗಳಲ್ಲಿ ರ‍್ಯಾಲಿ ಕಾರುಗಳು ತಿರುವಿಗೆ ಮೊದಲೇ ಅಡ್ಡ ಬೀಳುವುದನ್ನು ನೋಡಿದವರಿಗೆ ಗೊತ್ತು, ಮಣ್ಣಿನ ಮೇಲೆ ಕಡಿಮೆ ವೇಗದಲ್ಲೇ ಜಾರುವುದನ್ನು ಕಲಿಯಬಹುದು, ಟೈರೂ ಉಳಿಯುತ್ತದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ1000 ರ‍್ಯಾಲಿ ನಮ್ಮಲ್ಲಿ ಹಳೆಯದು. ಗುರುತು ಹಾಕಿದ ಸಣ್ಣ ಟ್ರ್ಯಾಕಿನಲ್ಲಿ ಗಡಿಯಾರ ನೋಡಿ ಓಡಿಸುವ ಆಟೋಕ್ರಾಸ್ ಇನ್ನೂ ಸುಲಭ, ಮಾಮೂಲಿ ಕಾರಿನಲ್ಲೇ ಶುರು ಮಾಡಬಹುದು. ಹೋಗಿ ಮೊದಲು ಮಾರ್ಷಲ್ ಆಗಿ ಬಾವುಟ ಹಿಡಿದು ನಿಲ್ಲಿ, ಪುಕ್ಕಟೆ ಪಾಠ.

ರೋಡಿನಲ್ಲಿ ಮಾತ್ರ ಬೇಡ. ಓಕ್‌ಲ್ಯಾಂಡ್‌ನಲ್ಲಿ ಸೈಡ್‌ಶೋ ಅಂತ 1980ರ ದಶಕದಿಂದ ನಡೆಯುತ್ತಿದೆ, ಅದೂ ಕ್ಯಾಲಿಫೋರ್ನಿಯಾದ ಊರೇ. ಜಂಕ್ಷನ್ನಿನ ಮಧ್ಯೆ ಕಾರು ಸುತ್ತಿಸುವುದು, ಸುತ್ತ ಜನ ನಿಂತು ವಿಡಿಯೋ ಮಾಡುವುದು. ಸಿಕ್ಕಿಬಿದ್ದರೆ ಪೊಲೀಸರು ಕಾರನ್ನು 30 ದಿನದವರೆಗೂ ಒಯ್ದು ಇಟ್ಟುಕೊಳ್ಳಬಹುದು. ನಮ್ಮಲ್ಲಿ ಅಪಾಯಕಾರಿಯಾಗಿ ಓಡಿಸುವವರಿಗೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇದೆ. ನನಗೆ ಕಾನೂನಿಗಿಂತ ಬೇರೆ ತಕರಾರು ಇದೆ. ಅಲ್ಲಿ ಲೈನ್ ಕೊಡುವವರಿಲ್ಲ. ಸುತ್ತ ನಿಂತವರಿಗೆ ಕಾರು ಎಲ್ಲಿ ಬರುತ್ತದೆ ಅಂತ ಗೊತ್ತಿಲ್ಲ, ಓಡಿಸುವವನಿಗೂ ಗೊತ್ತಿಲ್ಲ. ನಾನು ಅದನ್ನು ಡ್ರಿಫ್ಟಿಂಗ್ ಅನ್ನುವುದಿಲ್ಲ.

ಸಾಕು. ನಿಮ್ಮ ವರ್ಕ್‌ಶಾಪಿನಲ್ಲಿ ಹಳೇ ಅಂಬಾಸಿಡರ್‌ನ ಹಿಂದಿನ ಆಕ್ಸಲ್ ಒಂದನ್ನು ಕೊಯ್ದು ಇಟ್ಟಿದ್ದಾರಂತೆ, ಮೇಷ್ಟ್ರು ಬೀಗ ತೆಗೆಸಿದ್ದಾರೆ. ಒಬ್ಬರು ಪ್ರೊಪೆಲ್ಲರ್ ಶಾಫ್ಟ್ ಅಲ್ಲಾಡದಂತೆ ಹಿಡಿದುಕೊಳ್ಳಿ, ಇನ್ನೊಬ್ಬರು ಒಂದು ಚಕ್ರ ಮುಂದಕ್ಕೆ ತಿರುಗಿಸಿ, ಇನ್ನೊಂದು ಚಕ್ರ ಹಿಂದಕ್ಕೆ ತಿರುಗುತ್ತದೆ. ಯಾಕೆ ಅಂತ ಅಲ್ಲೇ ಬಿಚ್ಚಿ ನೋಡೋಣ. ಪ್ರಶ್ನೆಗಳನ್ನೂ ಅಲ್ಲೇ ಕೇಳಿ. ಬನ್ನಿ.