ಅಕ್ಷರಕ್ಕೆ ಕಾನೂನಿದೆ, ಭಾಷೆಗಿಲ್ಲ: ಅಮೆರಿಕದ ಸ್ಪ್ಯಾನಿಷ್ ರೇಡಿಯೊ ಕುರಿತು ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಹೆಚ್ಚಿನವರು ರೇಡಿಯೊ ಬಲ್ಲವರು, ಹಾಗಾಗಿ ಪೀಠಿಕೆ ಬೇಡ. ಅಮೆರಿಕದಲ್ಲಿ ಮಿಸಿಸಿಪ್ಪಿ ನದಿಯ ಪಶ್ಚಿಮದ ಕೇಂದ್ರಗಳ ಕಾಲ್ ಸೈನ್, ಅಂದರೆ ಕೇಂದ್ರವನ್ನು ಗುರುತಿಸುವ, ಸಾಮಾನ್ಯವಾಗಿ ನಾಲ್ಕಕ್ಷರದ ಅಧಿಕೃತ ಹೆಸರು, ‘ಕೆ’ಯಿಂದ, ಪೂರ್ವದವು ‘ಡಬ್ಲ್ಯು’ವಿನಿಂದ ಶುರುವಾಗುತ್ತವೆ, ಕೆಲವು ಹಳೆಯ ಅಪವಾದ ಬಿಟ್ಟರೆ. ಅದು ನಿಮಗೆ ಗೊತ್ತಿರುವುದೇ. ನಾನು ಹೇಳಬೇಕೆಂದು ಬಂದಿರುವುದು ಬೇರೆ. ಆ ದೇಶದ ಪ್ರಸಾರ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಈ ನಾಲ್ಕು ಅಕ್ಷರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ. ಆ ಅಕ್ಷರಗಳ ಹಿಂದೆ ಯಾವ ಭಾಷೆ ಮಾತಾಡುತ್ತಿದೆ ಎಂದು ಮಾತ್ರ ಕೇಳುವುದಿಲ್ಲ.

ಅಕ್ಷರದ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ನೋಡಿ. ಪ್ರತಿ ಗಂಟೆ ಮುಗಿಯುವ ಹೊತ್ತಿಗೆ, ಕಾರ್ಯಕ್ರಮದ ನಡುವೆ ಸಹಜವಾಗಿ ಬಿಡುವು ಸಿಕ್ಕಲ್ಲಿ, ಕಾಲ್ ಸೈನ್ ಹೇಳಿ ಅದರ ಬೆನ್ನಿಗೇ ಪರವಾನಗಿ ಪಡೆದ ಊರಿನ ಹೆಸರು ಹೇಳಬೇಕು. ಎರಡರ ನಡುವೆ ಮಾಲೀಕರ ಹೆಸರು ಅಥವಾ ತರಂಗಾಂತರ ಬರಬಹುದು, ಇನ್ನೇನೂ ತೂರುವಂತಿಲ್ಲ. ಕಾಲ್ ಸೈನ್ ಬದಲಿಸಬೇಕೆಂದರೆ ಎಫ್‌ಸಿಸಿಗೆ ಅರ್ಜಿ, ಶುಲ್ಕ, ಜಾರಿಯಾಗುವ ದಿನಾಂಕ ಎಲ್ಲ ಬೇಕು. ಅದೇ ಮೂಲ ಅಕ್ಷರಗಳನ್ನು ಇನ್ನೊಂದು ಕೇಂದ್ರ ಬಳಸುತ್ತಿದ್ದರೆ ಅವರ ಲಿಖಿತ ಒಪ್ಪಿಗೆಯೂ ಬೇಕು.

ಫಾರ್ಮ್ಯಾಟ್, ಅಂದರೆ ಯಾವ ಭಾಷೆ, ಯಾವ ಸಂಗೀತ ಎಂಬ ಪ್ರಸಾರದ ಬಗೆ, ಬದಲಿಸಲು? ಯಾರ ಅನುಮತಿಯೂ ಬೇಡ. ನ್ಯೂಯಾರ್ಕಿನ ಡಬ್ಲ್ಯುಎನ್‌ಸಿಎನ್ ಶಾಸ್ತ್ರೀಯ ಸಂಗೀತ ಬಿಟ್ಟು ರಾಕ್‌ಗೆ ಹೋದಾಗ ಕೇಳುಗರು ಸಂಘ ಕಟ್ಟಿಕೊಂಡು ಹೋರಾಡಿದರು. ಆ ಸಂಘದ ಹೆಸರಿನಲ್ಲೇ ಇರುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ತೀರ್ಪು ಕೊಟ್ಟಿತು: ಫಾರ್ಮ್ಯಾಟ್ ಆಯ್ಕೆಯನ್ನು ಮಾರುಕಟ್ಟೆಗೆ ಬಿಡುವ ಎಫ್‌ಸಿಸಿಯ ನೀತಿ ಸರಿ. ಆ ತೀರ್ಪಿನ ನೆರಳಿನಲ್ಲೇ ಇವತ್ತಿಗೂ ಎಲ್ಲ ನಡೆಯುತ್ತಿದೆ.

ಈಗ ವಾಷಿಂಗ್ಟನ್ ಪ್ರದೇಶದ 99.1 ಎಫ್‌ಎಂ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಒಂದೇ ತರಂಗಾಂತರದಲ್ಲಿ ನಮ್ಮ ವಿಷಯವೆಲ್ಲ ಇದೆ. ಅಲ್ಲಿ ಡಬ್ಲ್ಯುಎಚ್‌ಎಫ್‌ಎಸ್ ಎಂಬ ಹೆಸರಾಂತ ರಾಕ್ ಕೇಂದ್ರವಿತ್ತು. 2005ರ ಜನವರಿ 12ರ ಮಧ್ಯಾಹ್ನ 12ಕ್ಕೆ ಮುನ್ಸೂಚನೆಯಿಲ್ಲದೆ ಅದು ‘ಎಲ್ ಸೋಲ್’ ಎಂಬ ಸ್ಪ್ಯಾನಿಷ್ ಕೇಂದ್ರವಾಯಿತು. ಸಾಲ್ಸಾ, ಮೆರೆಂಗೆ, ಬಚಾತಾ ಎಂಬ ಲ್ಯಾಟಿನ್ ಸಂಗೀತ ಶುರುವಾಯಿತು. ಹೆಸರಿನಲ್ಲಿ ‘ಎಸ್’ ಜಾಗಕ್ಕೆ ‘ಝೆಡ್’ ಹಾಕಿ ಬರೆದರು. ಹೊಸ ಕಾಲ್ ಸೈನ್ ಡಬ್ಲ್ಯುಎಲ್‌ಝೆಡ್‌ಎಲ್. ರಾಕ್ ಕೇಳುಗರು ಸಾವಿರಾರು ಸಹಿ ಸಂಗ್ರಹಿಸಿದರು. ಮಾಲೀಕರಾದ ಇನ್ಫಿನಿಟಿ ಕಂಪನಿ ಅದೇ ವರ್ಷ ಬಾಲ್ಟಿಮೋರ್‌ನ ತನ್ನ 105.7ಕ್ಕೆ ಹಳೆಯ ನಾಲ್ಕು ಅಕ್ಷರಗಳನ್ನು ಕೊಟ್ಟು ಒಂದಿಷ್ಟು ಸಮಾಧಾನ ಮಾಡಿತು. ಅಕ್ಷರ ಅವರ ಸ್ವತ್ತು, ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಸ್ಪ್ಯಾನಿಷ್ ಕೇಳುಗರಿಗೆ ಅದು ಹಬ್ಬವೇ. ಎಲ್ ಸಾಲ್ವಡೋರ್ ದೇಶದಿಂದ ಬಂದವರು ಅಷ್ಟೊಂದು ಜನ ಇರುವ ಊರಿನಲ್ಲಿ ಪೂರ್ಣ ಶಕ್ತಿಯ ಎಫ್‌ಎಂ ಅವರ ಪಾಲಿಗೆ ಬಂತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2011ರ ಹೊತ್ತಿಗೆ ಆ ಕಂಪನಿ ಸಿಬಿಎಸ್ ರೇಡಿಯೊ ಆಗಿತ್ತು. ಅದು ಫ್ಯಾಮಿಲಿ ರೇಡಿಯೊ ಎಂಬ ಧಾರ್ಮಿಕ ಸಂಸ್ಥೆಯಿಂದ 107.9 ಕೊಂಡು, ಎಲ್ ಸೋಲನ್ನು ಅಕ್ಷರಸಹಿತ ಅಲ್ಲಿಗೆ ಎತ್ತಿಟ್ಟಿತು. 99.1 ಇಂಗ್ಲಿಷ್ ಸುದ್ದಿಗೆ ಹೋಯಿತು, ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ್ದ ಡಬ್ಲ್ಯುಎನ್‌ಇಡಬ್ಲ್ಯು ಅಕ್ಷರಗಳನ್ನು ಹೊತ್ತು. 2015ರ ಕೊನೆಗೆ ಅದೂ ಹೋಗಿ ಬ್ಲೂಮ್‌ಬರ್ಗ್ ವಾಣಿಜ್ಯ ಸುದ್ದಿ ಬಂತು, ಕಾಲ್ ಸೈನ್ ಡಬ್ಲ್ಯುಡಿಸಿಎಚ್. ಹನ್ನೊಂದು ವರ್ಷದೊಳಗೆ ಒಂದೇ ತರಂಗಾಂತರದ ಮೇಲೆ ನಾಲ್ಕು ಹೆಸರು! ಯಾವ ಹಂತದಲ್ಲೂ ‘ಈ ಭಾಷೆಯವರು ಏನು ಮಾಡಬೇಕು’ ಎಂಬ ಪ್ರಶ್ನೆಗೆ ಕಾಗದದಲ್ಲಿ ಜಾಗವಿರಲಿಲ್ಲ.

ಕೇಳುಗ ಅಕ್ಷರದ ಹಿಂದೆ ಹೋಗುವುದಿಲ್ಲ, ಕಾರಿನ ರೇಡಿಯೊ ಗುಂಡಿಯ ಹಿಂದೆ, ಬೆಳಗಿನ ದನಿಯ ಹಿಂದೆ ಹೋಗುತ್ತಾನೆ. ಹಾಗಾಗಿ ಕೇಂದ್ರ ಜಾಗ ಬದಲಿಸುವಾಗ ಎರಡೂ ತರಂಗಾಂತರದಲ್ಲಿ ಕೆಲವು ವಾರ ಒಂದೇ ಪ್ರಸಾರ ನಡೆಸಬೇಕು. ಹಳೆಯದರಲ್ಲಿ ಗಂಟೆಗೆ ಹಲವು ಸಲ ಹೊಸ ಸಂಖ್ಯೆ ಹೇಳಬೇಕು. ಇದು ಖರ್ಚಿನ ಕೆಲಸ ನಿಜ, ಕೇಳುಗರನ್ನು ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ಖರ್ಚು.

ತಂತ್ರಜ್ಞರು ಇದ್ದೀರಿ, ಯಂತ್ರಗಳ ಮಾತನ್ನೂ ಹೇಳಿಬಿಡುತ್ತೇನೆ. ಕಾಲ್ ಸೈನ್ ಬದಲಾದ ದಿನ ಎಲ್ಲರೂ ಜಿಂಗಲ್ ಬದಲಿಸುತ್ತಾರೆ, ಕೇಂದ್ರದ ಹೆಸರನ್ನು ರೇಡಿಯೊ ಪರದೆಗೆ ಕಳಿಸುವ ಆರ್‌ಡಿಎಸ್ ಎನ್‌ಕೋಡರ್‌ನ ಎಂಟಕ್ಷರದ ಹೆಸರನ್ನೂ ಬದಲಿಸುತ್ತಾರೆ. ರೇಡಿಯೊಗೆ ಕೇಂದ್ರದ ಗುರುತು ಹೇಳುವ ಸಂಖ್ಯೆಯಾದ ಪಿಐ ಕೋಡ್ ಮರೆಯುತ್ತಾರೆ. ಅಮೆರಿಕದಲ್ಲಿ ನಾಲ್ಕಕ್ಷರದ ಕೇಂದ್ರಗಳ ಪಿಐ ಕಾಲ್ ಸೈನ್‌ನಿಂದಲೇ ಹುಟ್ಟುತ್ತದೆ. ಮೊದಲಕ್ಷರ ಬಿಟ್ಟು ಉಳಿದ ಮೂರಕ್ಕೆ ಎ ಅಂದರೆ 0, ಬಿ ಅಂದರೆ 1, ಹೀಗೆ ಝೆಡ್‌ಗೆ 25 ಇಟ್ಟುಕೊಳ್ಳಿ. ಮೂರರಲ್ಲಿ ಮೊದಲನೆಯದನ್ನು 676ರಿಂದ, ಎರಡನೆಯದನ್ನು 26ರಿಂದ ಗುಣಿಸಿ, ಮೂರನೆಯದನ್ನು ಹಾಗೇ ಕೂಡಿಸಿ. ಕೇಂದ್ರ ‘ಕೆ’ ಆದರೆ 4096, ‘ಡಬ್ಲ್ಯು’ ಆದರೆ 21672 ಸೇರಿಸಿ. ಡಬ್ಲ್ಯುಎಚ್‌ಎಫ್‌ಎಸ್‌ಗೆ 26552 ಬರುತ್ತದೆ, ಡಬ್ಲ್ಯುಎಲ್‌ಝೆಡ್‌ಎಲ್‌ಗೆ 29769. ಎನ್‌ಕೋಡರ್ ಇದನ್ನು ಹದಿನಾರರ ಮಾನದಲ್ಲಿ ಕೇಳುತ್ತದೆ, ಪರಿವರ್ತಿಸಿ ಹಾಕಿ. ಹಳೆಯದನ್ನೇ ಬಿಟ್ಟರೆ, ಪಿಐಯಿಂದ ಕಾಲ್ ಸೈನ್ ಲೆಕ್ಕ ಹಾಕಿ ತೋರಿಸುವ ರೇಡಿಯೊಗಳಲ್ಲಿ ಸಾಲ್ಸಾ ನುಡಿಯುತ್ತಿರುತ್ತದೆ, ಪರದೆಯ ಮೇಲೆ ಮಾತ್ರ ಹಳೆಯ ರಾಕ್ ಕೇಂದ್ರದ ಹೆಸರು ಕೂತಿರುತ್ತದೆ.

ಎರಡನೆಯದು ತುರ್ತು ಎಚ್ಚರಿಕೆಯ ಸಂದೇಶ ಕಳಿಸುವ ಪೆಟ್ಟಿಗೆ. ಪ್ರತಿ ಸಂದೇಶದ ತಲೆಬರಹದ ಕೊನೆಯಲ್ಲಿ ಎಂಟಕ್ಷರದ ಕೇಂದ್ರ ಗುರುತು ಇರುತ್ತದೆ. ಅದನ್ನು ಬದಲಿಸದಿದ್ದರೆ ನಿಮ್ಮ ವಾರದ ಪರೀಕ್ಷಾ ಸಂದೇಶ ಬೇರೆಯವರ ಹೆಸರಿನಲ್ಲಿ ಹೋಗುತ್ತದೆ, ಯಾಕೆಂದರೆ ನೀವು ಬಿಟ್ಟ ಅಕ್ಷರವನ್ನು ಅಷ್ಟರಲ್ಲಿ ಇನ್ನೊಬ್ಬರು ಎತ್ತಿಕೊಂಡಿರಬಹುದು. ಎಚ್‌ಡಿ ರೇಡಿಯೊ ಹೆಸರು, ಸ್ಟ್ರೀಮಿನ ಮೆಟಾಡೇಟಾ, ಶ್ರೋತೃ ಸಮೀಕ್ಷೆಯವರಿಗೆ ಕೊಡಬೇಕಾದ ಮಾಹಿತಿ, ಇವೂ ಇವೆ. ಪಟ್ಟಿ ಮಾಡಿಕೊಂಡರೆ ಸಾಕು.

ಲಾಸ್ ಏಂಜಲೀಸ್ ಬಿಡುವ ಹಾಗಿಲ್ಲ. 97.9ರಲ್ಲಿ ಕೆಎಸ್‌ಕೆಕ್ಯು ಇತ್ತು, ಸ್ಪ್ಯಾನಿಷ್ ಬ್ರಾಡ್‌ಕಾಸ್ಟಿಂಗ್ ಸಿಸ್ಟಮ್ ಕಂಪನಿಯದು. 1992ರ ಆಗಸ್ಟ್‌ನಲ್ಲಿ ಅದು ಕೆಎಲ್‌ಎಎಕ್ಸ್, ‘ಲಾ ಎಕಿಸ್’ ಆಯಿತು. ಗಮನಿಸಿ, ಭಾಷೆ ಬದಲಾಗಲಿಲ್ಲ. ಸ್ಪ್ಯಾನಿಷಿನೊಳಗೇ ಬಾಂದಾ, ರಾಂಚೆರಾ ಹಾಡುಗಳಿಗೆ, ಗದ್ದೆಯಲ್ಲೂ ಹೋಟೆಲ್ ಅಡುಗೆಮನೆಯಲ್ಲೂ ದುಡಿಯುವ ಮೆಕ್ಸಿಕನ್ನರ ಸಂಗೀತಕ್ಕೆ ತಿರುಗಿತು. ಕೆಲವೇ ತಿಂಗಳಲ್ಲಿ ಇಂಗ್ಲಿಷ್ ಕೇಂದ್ರಗಳನ್ನೂ ಹಿಂದಿಕ್ಕಿ ಆ ಇಡೀ ನಗರಕ್ಕೆ ಮೊದಲ ಸ್ಥಾನಕ್ಕೆ ಬಂತು. ‘ಸ್ಪ್ಯಾನಿಷ್ ಕೇಳುಗರು’ ಎಂದು ಒಂದೇ ಗುಂಪಿಗೆ ಸೇರಿಸಿದ್ದವರಿಗೆ ಮಯಾಮಿಯ ಕ್ಯೂಬನ್ನರ ಕಿವಿ ಬೇರೆ, ಲಾಸ್ ಏಂಜಲೀಸಿನಲ್ಲಿರುವ ಮೆಕ್ಸಿಕೊದ ಹಾಲಿಸ್ಕೊ ರಾಜ್ಯದವರ ಕಿವಿ ಬೇರೆ ಎಂದು ತಿಳಿದದ್ದು ಆಗ. 2006ರ ಮಾರ್ಚ್‌ನಲ್ಲಿ ವಲಸಿಗರ ಪರವಾಗಿ ಆ ನಗರದ ಬೀದಿಗಳು ತುಂಬಿದ್ದವಲ್ಲ, ಜನರನ್ನು ಕರೆದದ್ದು ಇಂಥ ಕೇಂದ್ರಗಳ ಬೆಳಗಿನ ದನಿಗಳೇ. ಅದಕ್ಕೇ ನಾನು ಪದೇಪದೇ ಹೇಳುವುದು, ಇದು ಬರೀ ಹಾಡಿನ ಪಟ್ಟಿಯ ವ್ಯವಹಾರ ಅಲ್ಲ.

ಸಮಯ ಮುಗಿಯುತ್ತಿದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಅಕ್ಷರ ಉಳಿಸಿಕೊಂಡು ಭಾಷೆ ಬದಲಿಸಿದವರ ಬಗ್ಗೆ ಒಂದು ಇಡೀ ಭಾಗ ಇತ್ತು, ಹೆಸರು ಮಾತ್ರ ಹೇಳುತ್ತೇನೆ. ಲಾಸ್ ಏಂಜಲೀಸಿನ 1020 ಎಎಂನಲ್ಲಿ ‘ಟೆನ್ ಕ್ಯೂ’ ಎಂದು ಪಾಪ್ ಹಾಕುತ್ತಿದ್ದ ಕೆಟಿಎನ್‌ಕ್ಯು 1979ರಲ್ಲಿ ಸ್ಪ್ಯಾನಿಷ್ ಆದರೂ ಅದೇ ಅಕ್ಷರ. ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನ ಹೆಸರು ಹೊತ್ತ ಡಬ್ಲ್ಯುಪಿಎಟಿ ಎಫ್‌ಎಂ 1996ರಲ್ಲಿ ಸ್ಪ್ಯಾನಿಷ್‌ಗೆ ಬದಲಾಯಿತು, ಅಲ್ಲೂ ಅದೇ ಅಕ್ಷರ. ಹ್ಯೂಸ್ಟನ್‌ನ ರಾಕ್ ಕೇಂದ್ರ ಕೆಎಲ್‌ಒಎಲ್ 2004ರಲ್ಲಿ ‘ಮೆಗಾ 101’ ಆದಾಗಲೂ ಹಾಗೇ. ಕೇಳುಗರಿಗೆ ಹೊಸ ಹೆಸರು, ಗಂಟೆಗೊಮ್ಮೆ ಕಾನೂನಿಗೆ ಹಳೆಯ ಅಕ್ಷರ.

ಕೊನೆಯದು ಮಯಾಮಿ. 2022ರಲ್ಲಿ ಟೆಲೆವಿಸಾಯುನಿವಿಷನ್ ಎಂಬ ಸ್ಪ್ಯಾನಿಷ್ ಮಾಧ್ಯಮ ಕಂಪನಿ ತನ್ನ 18 ಕೇಂದ್ರಗಳನ್ನು 6 ಕೋಟಿ ಡಾಲರಿಗೆ ಲ್ಯಾಟಿನೊ ಮೀಡಿಯಾ ನೆಟ್‌ವರ್ಕ್‌ಗೆ ಮಾರಿತು. ಕ್ಯೂಬನ್ ವಲಸಿಗರ ಮನೆಮಾತಾದ ಡಬ್ಲ್ಯುಎಕ್ಯುಐ, ಅಂದರೆ ‘ರೇಡಿಯೊ ಮಾಂಬಿ’, ಅದರಲ್ಲಿ ಒಂದು. ಹೊಸಬರು ಕೇಂದ್ರದ ರಾಜಕೀಯ ದನಿಯನ್ನೇ ಬದಲಿಸುತ್ತಾರೆ ಎಂದು ಊರಿನ ಕ್ಯೂಬನ್ ಮುಖಂಡರು ಗಟ್ಟಿಯಾಗಿ ವಿರೋಧಿಸಿದರು. ಆ ವರ್ಷದ ನವೆಂಬರ್‌ನಲ್ಲಿ ಎಫ್‌ಸಿಸಿ ಒಪ್ಪಿಗೆ ಕೊಟ್ಟಿತು. ಅಕ್ಷರಗಳು ಹಾಗೇ ಉಳಿದವು, ದನಿ ಯಾವುದಿರಬೇಕು ಎಂಬುದು ಹೊಸ ಮಾಲೀಕರ ಕೈಗೆ ಹೋಯಿತು. ಪಿಐ ಲೆಕ್ಕ ಬೇಕಾದವರು ಹೊರಗೆ ಸಿಗಿ, ಬರೆದುಕೊಡುತ್ತೇನೆ.